ಇನ್ನೊಂಚೂರು ಕಾಯಿ

ನಮ್ಮ ಊರಿನಲ್ಲಿ ಸತ್ತವರು ಗೋಡೆಯಲ್ಲಿ ಉಳಿಯುತ್ತಾರೆ. ಪೂರ್ತಿ ಅಲ್ಲ. ಒಂದೊಂದು ಕೋಣೆಯಲ್ಲಿ ಅವರು ಕಟ್ಟಕಡೆಗೆ ಆಡಿದ ಮಾತು ಮಾತ್ರ, ಆಡಿದ ಹೊತ್ತಿಗೆ ಸರಿಯಾಗಿ, ದಿನಕ್ಕೊಂದು ಸಲ. ನನ್ನ ತಾತ ಸತ್ತು ಮೂವತ್ತು ವರ್ಷವಾಯಿತು. ಈಗಲೂ ಬೆಳಗ್ಗೆ ಆರೂವರೆಗೆ ನಡುಮನೆಯಲ್ಲಿ "ನನ್ನ ಚಪ್ಪಲಿ ಎಲ್ಲಿ?" ಎಂದು ಗದರುತ್ತಾನೆ. "ಅಲ್ಲೇ ಇದೆ ತಾತ" ಎಂದು ಯಾರಾದರೂ ಹೇಳಬೇಕು, ಹೇಳುತ್ತೇವೆ. ಶಾಲೆಯ ಏಳನೇ ತರಗತಿಯಲ್ಲಿ ಎಂದೋ ತೀರಿಕೊಂಡ ಗಣಿತದ ಮೇಷ್ಟ್ರು ಮಧ್ಯಾಹ್ನ ಎರಡೂ ನಲವತ್ತಕ್ಕೆ "ಸುಮ್ನಿರ್ರೋ ಕತ್ತೆಗಳಾ" ಎನ್ನುತ್ತಾರೆ. ಅವರ ಮುಖವನ್ನೇ ಕಾಣದ ಮಕ್ಕಳು ತೆಪ್ಪಗಾಗುತ್ತವೆ. ಬಾಡಿಗೆಗೆ ಮನೆ ನೋಡುವವರು ಒಂದು ಇಡೀ ದಿನ ಚಾಪೆ ಹಾಸಿಕೊಂಡು ಕೂತು, ಯಾರು ಯಾವ ಹೊತ್ತಿಗೆ ಏನು ಹೇಳುತ್ತಾರೆ ಎಂದು ಕೇಳಿಕೊಂಡೇ ಒಪ್ಪುವುದು. ಗಂಡ ಹೆಂಡಿರು ಜಗಳವಾಡಬೇಕಾದರೆ ಬಯಲಿಗೆ ಹೋಗುತ್ತಾರೆ. ವಯಸ್ಸಾದವರು ಯಾವ ಕೋಣೆಯಿಂದ ಎದ್ದರೂ "ಬರ್ತೀನಿ" ಎಂದು ಹೇಳಿಯೇ ಹೊರಡುತ್ತಾರೆ, ಬಚ್ಚಲಿನಿಂದ ಕೂಡ.

ಬದುಕಿರುವವರ ಮಾತನ್ನು ಗೋಡೆ ಒಳಗೇ ಇಟ್ಟುಕೊಂಡಿರುತ್ತದೆ. ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಟ್ಟರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಜಗಲಿಯೂ ಇದಕ್ಕೆ ಹೊರತಲ್ಲ, ಬೆನ್ನಿಗೆ ಒಂದು ಗೋಡೆ ಇದ್ದರಾಯಿತು. ಇಷ್ಟು ತಿಳಿದಿದ್ದರೆ ನಮ್ಮ ಊರಿನಲ್ಲಿ ಬಾಳ್ವೆ ಮಾಡಬಹುದು.

ಪಾಲಾಕ್ಷಯ್ಯನವರು ನಮ್ಮ ಊರಿನ ದೊಡ್ಡ ಲೇಖಕರು. ಹದಿನೇಳು ಕಾದಂಬರಿ ಬರೆದವರು. ನಾನು ಹತ್ತು ವರ್ಷದವನಿದ್ದಾಗ ಒಂದು ಬೆಳಗ್ಗೆ ಆರಾಮಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಮಾರನೆಯ ದಿನ ಹತ್ತೂ ಇಪ್ಪತ್ತಕ್ಕೆ ಊರಿಗೆ ಊರೇ ಅವರ ಮನೆಯ ಮುಂದಿನ ಕೋಣೆಯಲ್ಲಿ ಕಿವಿಯೊಡ್ಡಿ ನಿಂತಿತ್ತು. ಗೋಡೆಯಿಂದ ಅವರ ದಪ್ಪ, ಸಮಾಧಾನದ ದನಿ ಬಂತು: "ಇನ್ನೊಂಚೂರು ಕಾಯಿ."

ಅಂದು ಅತ್ತವರೆಷ್ಟೋ. ಅಷ್ಟು ದೊಡ್ಡ ಮನುಷ್ಯ, ಸಾವಿನ ಹೊಸ್ತಿಲಲ್ಲಿ ನಿಂತು, ಲೋಕಕ್ಕೆ ಹೇಳಿದ ಮಾತು! ಮನೆ ಹಾಗೇ ಉಳಿಯಿತು, ಒಂದು ಸಮಿತಿ ಆಯಿತು, ಹೆಬ್ಬಾಗಿಲ ಕಲ್ಲಿನ ಮೇಲೆ ಆ ಮಾತನ್ನು ಕೆತ್ತಿಸಿದರು. ಆಮೇಲೆ ಅದು ಬಸ್ ನಿಲ್ದಾಣಕ್ಕೆ ಬಂತು, ಆಸ್ಪತ್ರೆಗೆ ಬಂತು, ಮದುವೆಯ ಕರೆಯೋಲೆಗೂ ಬಂತು. ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋದರೆ ಗುಮಾಸ್ತ ತಲೆ ಎತ್ತದೆ ಗೋಡೆಯ ಮೇಲಿನ ಫಲಕ ತೋರಿಸುತ್ತಾನೆ. ನೀರು ಬಿಡುವವನೂ ಅದನ್ನೇ ಹೇಳುತ್ತಾನೆ, ಮದುವೆ ಗಂಡಿನ ಕಡೆಯವರೂ ಅದನ್ನೇ ಹೇಳುತ್ತಾರೆ. ನಮ್ಮ ಊರಿನಷ್ಟು ತಾಳ್ಮೆಯ ಊರು ಇನ್ನೊಂದಿಲ್ಲ ಎಂದು ಹೊರಗಿನವರು ಹೊಗಳುವುದುಂಟು. ಬೇರೆ ದಾರಿ ಇರಲಿಲ್ಲ, ಅದಕ್ಕೆ ತಾಳ್ಮೆ.

ಎಲ್ಲರಿಗಿಂತ ಹೆಚ್ಚು ಕಾದವಳು ನನ್ನ ಸೋದರತ್ತೆ. ಹೆಸರು ಮಂದಾಕಿನಿ, ನಮಗೆಲ್ಲ ಮಂದತ್ತೆ. ಇಪ್ಪತ್ತರಿಂದ ಇಪ್ಪತ್ತೆಂಟರವರೆಗೆ ಪಾಲಾಕ್ಷಯ್ಯನವರ ಕಾದಂಬರಿಗಳಿಗೆಲ್ಲ ಶುದ್ಧಪ್ರತಿ ಮಾಡಿಕೊಟ್ಟವಳು. ಅವರ ಕೋಳಿಕಾಲಿನ ಅಕ್ಷರ ಅವಳೊಬ್ಬಳಿಗೇ ತಿಳಿಯುತ್ತಿತ್ತು. ಹಾಗೆ ಬರೆಯುತ್ತಾ ಬರೆಯುತ್ತಾ ತಾನೂ ಒಂದು ಕಾದಂಬರಿ ಬರೆದಳು. ಎರಡು ಪ್ರತಿ ಮಾಡಿ, ಒಂದನ್ನು ಕೆಂಪು ದಾರದಲ್ಲಿ ಕಟ್ಟಿ ಅವರಿಗೆ ಓದಲು ಕೊಟ್ಟಳು. ನನ್ನ ಅಪ್ಪನದು ಅಚ್ಚುಕೂಟ. ತಂಗಿಯ ಪುಸ್ತಕ ಎಂಬ ಹುರುಪಿನಲ್ಲಿ ಅಪ್ಪ ಇನ್ನೊಂದು ಪ್ರತಿ ನೋಡಿಕೊಂಡು ಮೊದಲ ಹದಿನಾರು ಪುಟಕ್ಕೆ ಸೀಸದ ಅಚ್ಚುಮೊಳೆ ಜೋಡಿಸಿಯೂ ಬಿಟ್ಟ.

ಮೂರು ವಾರವಾದರೂ ಪಾಲಾಕ್ಷಯ್ಯನವರು ಏನೂ ಹೇಳಲಿಲ್ಲ. ಕೇಳಿಯೇ ಬಿಡೋಣವೆಂದು ಆ ಬೆಳಗ್ಗೆ ಮಂದತ್ತೆ ಹೋದಳು. ಒಳಗೆ ಹೋಗಲು ಧೈರ್ಯ ಬಾರದೆ ಜಗಲಿಯಲ್ಲಿ ಕಿಟಕಿಯ ಪಕ್ಕ ನಿಂತು, "ಅಚ್ಚಿಗೆ ಕೊಡ್ಲಾ?" ಎಂದಳು. ಕಿಟಕಿಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಉತ್ತರ ಬಂತು. ಸಂತೋಷದಿಂದಲೇ ತಿರುಗಿ ಬಂದಳು. ಮನೆ ಮುಟ್ಟುವಷ್ಟರಲ್ಲಿ ಸುದ್ದಿಯೂ ಬಂತು.

ಅಲ್ಲಿಗೆ ನಲವತ್ತು ವರ್ಷ. ಜೋಡಿಸಿದ ಮೊಳೆಗಳು ಚೌಕಟ್ಟಿನಲ್ಲಿ ಬಿಗಿದಂತೆಯೇ ನನ್ನ ಅಚ್ಚುಕೂಟದ ಅಟ್ಟದ ಮೇಲಿವೆ. ಅಪ್ಪ ಸತ್ತ, ನಾನು ಒಡೆಯನಾದೆ. ವರ್ಷಕ್ಕೊಂದು ಸಲ, "ಅತ್ತೆ, ಇನ್ನಾದ್ರೂ?" ಎಂದು ಕೇಳುತ್ತೇನೆ. "ಅವರು ಕಾಯಿ ಅಂದಿದಾರೆ ಕಣೋ. ಎಲ್ಲಿವರೆಗೆ ಅಂತ ಹೇಳ್ಲಿಲ್ಲ. ಏನೋ ಕೊರತೆ ಕಂಡಿರ್ಬೇಕು" ಎನ್ನುತ್ತಾಳೆ. ಕೊರತೆ ಹುಡುಕಿ ಹುಡುಕಿ ತನ್ನ ಪ್ರತಿಯನ್ನು ಹನ್ನೊಂದು ಸಲ ತಿದ್ದಿ ಬರೆದಿದ್ದಾಳೆ. ಮದುವೆಯಾಗಲಿಲ್ಲ. ಆ ಮನೆಯ ಜಗಲಿಗೆ ಮತ್ತೆ ಕಾಲಿಡಲಿಲ್ಲ. ಅದಕ್ಕೆ ಅವಳದೇ ಒಂದು ಕಾರಣವಿತ್ತು, ಒಂದೇ ಒಂದು ಸಲ ನನಗೆ ಹೇಳಿದ್ದಳು: "ನಾನು ಸತ್ತ ಮಾರನೇ ದಿನ ನನ್ನ ಪ್ರಶ್ನೆ ಜಗಲಿಯಿಂದ ಬರುತ್ತೆ, ಅವರ ಉತ್ತರ ಒಳಗಿಂದ ಬರುತ್ತೆ. ಎರಡೂ ಕೂಡುತ್ತೆ. ಅಲ್ಲಿ ಹೋಗಿ ನಾನೇನಾದ್ರೂ ಬೇರೆ ಮಾತಾಡಿಬಿಟ್ರೆ?" ಮುದುಕಿಗೆ ಇಷ್ಟಾದರೂ ಆಸೆ ಇರಲಿ ಎಂದು ನಾನೂ ಸುಮ್ಮನಾದೆ.

ಈ ವರ್ಷ ಪಾಲಾಕ್ಷಯ್ಯನವರು ಹುಟ್ಟಿ ನೂರು ವರ್ಷ. ಸಮಿತಿಯ ಕಾರ್ಯದರ್ಶಿ ಮಹಾರುದ್ರಪ್ಪ ಮನೆಗೇ ಬಂದು, "ಅಮ್ಮಾ, ಅವರ ಕೊನೇ ಮಾತು ಕೇಳಿಸ್ಕೊಂಡ ಪುಣ್ಯವಂತರು ನೀವು. ಬರಲೇಬೇಕು. ತಾವು ಬಾಯಿ ತೆಗೆಯೋ ಹಾಗೇ ಇಲ್ಲ, ಸುಮ್ನೆ ನಿಂತಿದ್ರೆ ಸಾಕು" ಎಂದು ಕೈ ಮುಗಿದ. ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನೋಡಲು ಬಂದವರಿಗೆಲ್ಲ ಬಾಗಿಲಲ್ಲೇ ಒಂದೊಂದು ದಪ್ಪ ಕಲ್ಲುಸಕ್ಕರೆ ಕೊಡುತ್ತಾರೆ. ಅದನ್ನು ಬಾಯಲ್ಲಿಟ್ಟುಕೊಂಡು ನೋಡಿ ಬರುವುದು. ಬಂದವರ ಹರಟೆಯೆಲ್ಲ ಗೋಡೆ ಸೇರಿದರೆ ದೊಡ್ಡವರ ದನಿ ಕೇಳುವುದು ಹೇಗೆ? ಮಂದತ್ತೆ ಎರಡು ದಿನ ಯೋಚಿಸಿ ಒಪ್ಪಿದಳು. ಹೊಸದಾಗಿ ಒಗೆದ ಹತ್ತಿ ಸೀರೆ ಉಟ್ಟಳು. ಜಗಲಿ ಹತ್ತುವ ಮುಂಚೆ ಎರಡು ಕಲ್ಲುಸಕ್ಕರೆ ಕೇಳಿ ತೆಗೆದುಕೊಂಡಳು, ಎರಡು ಕೆನ್ನೆಗೂ ಒಂದೊಂದು.

ಐವತ್ತು ಅರವತ್ತು ಜನರಿದ್ದೆವು. ಬಾಯಲ್ಲಿ ಸಕ್ಕರೆ, ಕೈ ಬೆನ್ನ ಹಿಂದೆ. ಮಹಾರುದ್ರಪ್ಪ ಒಂದು ಬೆತ್ತ ಹಿಡಿದು ಫಲಕಗಳನ್ನು ತೋರಿಸುತ್ತಾ ಮುಂದೆ ನಡೆದ. ಪಾಲಾಕ್ಷಯ್ಯನವರ ಕೊಡೆ. ಪಾಲಾಕ್ಷಯ್ಯನವರ ನಶ್ಯದ ಡಬ್ಬಿ. ಅವರ ಆರಾಮಕುರ್ಚಿ, ತಲೆ ಆನಿಸುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ. ಅಡುಗೆಮನೆಯ ಬಾಗಿಲಿಗೆ ಬೀಗ, ಬೀಗದ ಮೇಲೆ 'ದುರಸ್ತಿ' ಎಂಬ ಚೀಟಿ. ಹಿತ್ತಿಲಿನಲ್ಲಿ ನೀರೆತ್ತುವ ಮೋಟಾರು ಗುಡುಗುಡು ಎನ್ನುತ್ತಿತ್ತು. ನೂರನೇ ವರ್ಷದ ದಿನ, ಅದೂ ಹತ್ತೂ ಇಪ್ಪತ್ತರ ಹೊತ್ತಿಗೆ, ಈ ಮಹಾರುದ್ರಪ್ಪನಿಗೆ ತೊಟ್ಟಿ ತುಂಬಿಸಬೇಕಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಬಾಯಲ್ಲಿ ಸಕ್ಕರೆ.

ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಿತ್ತು. ಒಳಗೆ ಕನ್ನಡಕ, ಲೇಖನಿ, ಒಂದು ಕಾಗದದ ಕಟ್ಟು. 'ಮಹನೀಯರು ಕೊನೆಯದಾಗಿ ಓದುತ್ತಿದ್ದ ಹಸ್ತಪ್ರತಿ' ಎಂದು ಬರೆದಿತ್ತು. ಮಂದತ್ತೆ ಬಗ್ಗಿ ನೋಡಿದಳು. ನೋಡುತ್ತಾ ನೋಡುತ್ತಾ ನನ್ನ ಮಣಿಕಟ್ಟನ್ನು ಹಿಡಿದಳು. ಅರವತ್ತೆಂಟರ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಅವಳ ಬೆರಳು ಗಾಜಿನ ಮೇಲೆ, ಕೆಂಪು ದಾರದ ಗಂಟಿನ ನೇರಕ್ಕೆ ನಿಂತಿತ್ತು. ಮೂರು ಸುತ್ತು ಸುತ್ತಿ, ಕುಣಿಕೆ ಒಳಗೆ ತೂರಿಸಿ, ತುದಿಯನ್ನು ಹಿಂದಕ್ಕೆ ಮಡಿಸಿದ ಗಂಟು. ನಮ್ಮ ಮನೆಯ ಹಪ್ಪಳದ ಡಬ್ಬಿಯಿಂದ ಹಿಡಿದು ಎಲ್ಲಕ್ಕೂ ಅವಳು ಹಾಕುವುದು ಅದೇ ಗಂಟು. ಬೇರೆ ಯಾರಿಗೂ ಅದು ಬರುವುದಿಲ್ಲ. ಒಮ್ಮೆ ಬಿಚ್ಚಿದ್ದರೆ ಮತ್ತೆ ಹಾಗೆ ಕಟ್ಟಲು ಪಾಲಾಕ್ಷಯ್ಯನವರಿಂದಲೂ ಆಗುತ್ತಿರಲಿಲ್ಲ. ಅವರು ಬಿಚ್ಚಿಯೇ ಇರಲಿಲ್ಲ.

ಅತ್ತೆಯ ಮುಖ ನೋಡಲು ಧೈರ್ಯ ಸಾಲದೆ ಗಡಿಯಾರ ನೋಡಿದೆ. ಹತ್ತೂ ಹತ್ತೊಂಬತ್ತು. ಆಗ ಕರೆಂಟು ಹೋಯಿತು.

ಮೋಟಾರು ಒಂದು ಸಲ ನರಳಿ ನಿಂತಿತು. ಮಹಾರುದ್ರಪ್ಪನ ಕೈಯಿಂದ ಬೆತ್ತ ಬಿತ್ತು. ಎರಡೂ ಕೈಯೆತ್ತಿ ಎಲ್ಲರನ್ನೂ ಹೊರಕ್ಕೆ ತಳ್ಳುವವನಂತೆ ಮುಂದೆ ಬಂದ. ಯಾರು ಹೋಗುತ್ತಾರೆ? ದೊಡ್ಡವರ ದನಿ ಕೇಳಲು ತಾನೇ ಬಂದಿರುವುದು? ಅಷ್ಟರಲ್ಲಿ ಬೀಗ ಹಾಕಿದ ಅಡುಗೆಮನೆಯ ಒಳಗಿನಿಂದ ಒಂದು ಹೆಂಗಸಿನ ದನಿ, ಒಲೆಯ ಮುಂದೆ ಕೂತು ಕೂಗುವವರ ದನಿ, ಸ್ಪಷ್ಟವಾಗಿ ಬಂತು.

"ಅಯ್ನೋರೇ, ಚಟ್ನಿಗೆ ಇಷ್ಟು ಸಾಕಾ?"

ಆರಾಮಕುರ್ಚಿಯ ಹಿಂದಿನ ಗೋಡೆಯಿಂದ ಪಾಲಾಕ್ಷಯ್ಯನವರು, ಅದೇ ದಪ್ಪ, ಸಮಾಧಾನದ ದನಿಯಲ್ಲಿ ಹೇಳಿದರು.

"ಇನ್ನೊಂಚೂರು ಕಾಯಿ."

ನನ್ನ ಪಕ್ಕದಲ್ಲಿ ನಿಂತಿದ್ದ ಕಾಲೇಜಿನ ಪ್ರಾಧ್ಯಾಪಕರು ಈ ಎರಡು ಪದದ ಮೇಲೆ ದೊಡ್ಡ ಗ್ರಂಥ ಬರೆದವರು. ಅವರು ಕಲ್ಲುಸಕ್ಕರೆಯನ್ನು ಕಟುಂ ಎಂದು ಕಡಿದ ಸದ್ದು ಕೋಣೆಗೆಲ್ಲ ಕೇಳಿತು. ಅಲ್ಲಿದ್ದ ಎಲ್ಲರಿಗೂ ಆ ದನಿ ಯಾರದೆಂದು ತಿಳಿದಿತ್ತು. ಚೌಡಮ್ಮ. ಪಾಲಾಕ್ಷಯ್ಯನವರಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು. ಅವರು ಸತ್ತದ್ದು ಕಂಡೊಡನೆ ಮಾತಿಲ್ಲದೆ ಆ ಮನೆ ಬಿಟ್ಟು, ಆಮೇಲೆ ಅಲ್ಲಿ ಕಾಲಿಡದೆ, ಹಿಂದಿನ ಬೀದಿಯಲ್ಲಿ ನಲವತ್ತು ವರ್ಷ ಬದುಕಿ, ಮೂರು ತಿಂಗಳ ಹಿಂದೆ ಎಂಬತ್ತೈದು ತುಂಬಿಸಿಕೊಂಡು ಹೋದವಳು. ಅವಳು ಬದುಕಿರುವವರೆಗೂ ಅಡುಗೆಮನೆಯ ಗೋಡೆ ಅವಳ ಮಾತನ್ನು ಹೊರಗೆ ಬಿಟ್ಟಿರಲಿಲ್ಲ.

ನಾವು ಹಾಗೇ ನಿಂತಿದ್ದೆವು. ಮಹಾರುದ್ರಪ್ಪ ಮುಖ ಮುಚ್ಚಿಕೊಂಡು ಗೋಡೆಗೊರಗಿದ್ದ. ಎಂಟು ನಿಮಿಷ ಕಳೆದಿರಬೇಕು. ಈ ಸಲ ಚೌಡಮ್ಮನ ದನಿ ನಮ್ಮ ನಡುವಿನಿಂದಲೇ, ಕುರ್ಚಿಯ ಹತ್ತಿರದಿಂದ ಬಂತು. ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ.

"ಏಳಿ ಅಯ್ನೋರೇ, ದೋಸೆ ತಣ್ಣಗಾಯ್ತದೆ."

ಒಬ್ಬ ಹೆಂಗಸು ಬಿಕ್ಕಿದಳು. ಮಂದತ್ತೆ ಅಳಲಿಲ್ಲ. ನನ್ನ ಕೈ ಬಿಟ್ಟು, ಬಾಯಿ ಬಿಗಿದುಕೊಂಡು, ಜಗಲಿ ದಾಟಿ, ಮೆಟ್ಟಿಲಿಳಿದು ಬೀದಿಗೆ ಹೋದಳು.

ಹೊರಗೆ ಬೇವಿನ ಮರದ ಕೆಳಗೆ ಮಹಾರುದ್ರಪ್ಪನ ಕೊರಳಪಟ್ಟಿ ನನ್ನ ಕೈಯಲ್ಲಿತ್ತು. "ಗೊತ್ತಿತ್ತು ತಾನೇ ನಿನಗೆ? ಮೂರು ತಿಂಗಳಿಂದ ಗೊತ್ತಿತ್ತು!"

"ಗೊತ್ತಿತ್ತು ಸಾರ್, ಗೊತ್ತಿತ್ತು! ನಾನೇನ್ ಮಾಡ್ಲಿ? ಹೆಬ್ಬಾಗಿಲ ಮೇಲೆ ಕೆತ್ತಿಸಿದೀವಿ. ಮಕ್ಕಳ ಪಾಠದಲ್ಲಿದೆ. ಇಷ್ಟು ವರ್ಷ ಆದ್ಮೇಲೆ ಚಟ್ನಿಗೆ ಹೇಳಿದ್ದು ಅನ್ನೋಕಾಗುತ್ತಾ? ದಿನಾ ಆ ಹೊತ್ತಿಗೆ ಮೋಟಾರ್ ಹಾಕ್ತಿದ್ದೆ, ಮುಗಿದ ತಕ್ಷಣ ಜನಾನ ಹೊರಗೆ ಕಳಿಸ್ತಿದ್ದೆ. ಗೋಡೆ ಕೆರೆಸೋಕೆ ಮಾತ್ರ ಮನಸ್ಸು ಬರ್ಲಿಲ್ಲ. ಪಾಪ, ಅವಳದೂ ಒಂದು ದನಿ ಅಲ್ವಾ?"

ಆ ಮಾತಿಗೆ ನನ್ನ ಕೈ ಸಡಿಲವಾಯಿತು. ಬಯ್ಯಲು ಇನ್ನೂ ಬಹಳ ಉಳಿದಿತ್ತು, ಆದರೆ ಅಷ್ಟರಲ್ಲಿ ನನಗೆ ಇನ್ನೊಂದು ನೆನಪಾಯಿತು. ನೆಟ್ಟಗೆ ಅಚ್ಚುಕೂಟಕ್ಕೆ ಓಡಿದೆ.

ಹದಿನೈದು ವರ್ಷದ ಸ್ಮರಣೆಗೆಂದು ಸಮಿತಿ ಒಂದು ಸಂಚಿಕೆ ತಂದಿತ್ತು. ಅಚ್ಚು ಮಾಡಿದ್ದು ನಾವೇ, ಕರಡು ತಿದ್ದಿದ್ದು ನಾನು. ಆಗ ನನಗೆ ಇಪ್ಪತ್ತೈದು, ಕಾಗುಣಿತದ ಮೇಲೆ ಮಹಾ ಅಭಿಮಾನ. ಅದರಲ್ಲಿ ಚೌಡಮ್ಮನ ಸಂದರ್ಶನವಿತ್ತು, ಅರ್ಧ ಪುಟ. ಹಳೆಯ ಕರಡುಗಳನ್ನು ನಾನು ಎಸೆಯುವವನಲ್ಲ. ಧೂಳು ಕೊಡವಿ ಹುಡುಕಿದೆ, ಸಿಕ್ಕಿತು. 'ಅಂದು ಅವರು ನಿಮಗೇನಾದರೂ ಹೇಳಿದರೇ?' ಎಂಬ ಪ್ರಶ್ನೆಗೆ ಚೌಡಮ್ಮನ ಉತ್ತರ ಕರಡಿನಲ್ಲಿ ಇದ್ದದ್ದು ಹೀಗೆ: 'ಅಯ್ನೋರು ಕಾಯಿ ಅಂದ್ರು, ಹಾಕ್ದೆ.' 'ಹಾಕ್ದೆ' ಎಂಬುದರ ಮೇಲೆ ನನ್ನದೇ ಕೈಯ ಕೆಂಪು ಗೀಟು. ಅಂಚಿನಲ್ಲಿ ನನ್ನದೇ ದುಂಡು ಅಕ್ಷರ: 'ಕಾದೆ.'

ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದಳು. ಮೊಳೆ ಜೋಡಿಸುವವನು ತಪ್ಪು ಮಾಡಿದ್ದಾನೆಂದು ಭಾವಿಸಿ ನಾನು ಅದನ್ನು ತಿದ್ದಿ ಕೂತಿದ್ದೆ. 'ಕಾಯಿ ಅಂದ್ರು, ಕಾದೆ.' ಎಷ್ಟು ಚೆನ್ನಾಗಿದೆ ಎಂದು ಪ್ರಾಧ್ಯಾಪಕರು ಅದರ ಮೇಲೂ ಒಂದು ಅಧ್ಯಾಯ ಬರೆದರು. ಓದು ಬಾರದ ಚೌಡಮ್ಮನಿಗೆ ಇದ್ಯಾವುದೂ ತಿಳಿಯಲಿಲ್ಲ. ಬೀದಿಯಲ್ಲಿ ಮಂದತ್ತೆ ಸಿಕ್ಕಾಗಲೆಲ್ಲ, "ಮಂದಮ್ಮೋರೇ, ನಿಮ್ ಪುಸ್ತಕ ಬಂತಾ?" ಎಂದು ಕೇಳುತ್ತಿದ್ದಳು. "ಕಾಯ್ಬೇಕು ಚೌಡಮ್ಮ" ಎಂದರೆ, "ಏನ್ ಕಾಯ್ತೀರೋ ನೀವು" ಎಂದು ನಗುತ್ತಿದ್ದಳು. ಒಂದು ಕೆಂಪು ಗೀಟಿನಿಂದ ನಾನು ನನ್ನ ಅತ್ತೆಯ ಇಪ್ಪತ್ತೈದು ವರ್ಷ ತಿಂದುಬಿಟ್ಟಿದ್ದೆ. ಕರಡನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟೆ.

ಮಧ್ಯಾಹ್ನ ಅದನ್ನೇ ಹಿಡಿದುಕೊಂಡು ಮಂದತ್ತೆಯ ಮನೆಗೆ ಹೋದೆ. ಹಿತ್ತಿಲಿನಲ್ಲಿ, ಗೋಡೆಗಳಿಂದ ದೂರ, ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಕರಡು ಕೊಟ್ಟೆ. ಕನ್ನಡಕ ಏರಿಸಿಕೊಂಡು ಓದಿದಳು, ಎರಡು ಸಲ.

"ನಾನೇ ತಿದ್ದಿದ್ದು ಅತ್ತೆ" ಎಂದೆ.

"ಕಾಣುತ್ತೆ. ನಿನ್ನ 'ದೆ' ಗೊತ್ತಾಗಲ್ವಾ ನನಗೆ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕರಡನ್ನು ಮಡಿಲಲ್ಲಿಟ್ಟುಕೊಂಡು, "ಅವತ್ತು ಜಗಲಿ ಮೇಲೆ ನಿಂತಾಗ ದೋಸೆ ವಾಸನೆ ಬಂದಿತ್ತು ಕಣೋ. ಈಗ ನೆನಪಾಯ್ತು. ನಲವತ್ತು ವರ್ಷ ಆ ವಾಸನೆ ನೆನಪೇ ಆಗಿರ್ಲಿಲ್ಲ ನೋಡು. ನಾನೂ ಚೌಡಮ್ಮನೂ ಒಂದೇ ಸಲಕ್ಕೆ ಕೇಳಿರ್ಬೇಕು, ಅವಳ ದನಿ ನನಗೆ ಕೇಳಿಸ್ಲಿಲ್ಲ" ಎಂದಳು.

"ಅವರು ನಿಮ್ಮ ಮಾತು ಕೇಳಿಸ್ಕೊಂಡೇ ಇಲ್ಲ. ಆ ಕಟ್ಟು ಬಿಚ್ಚೇ ಇಲ್ಲ! ದೊಡ್ಡ ಮನುಷ್ಯ ಅಂತೆ!"

"ಅವರನ್ನ ಬೈಬೇಡ. ಮೈ ಸರಿ ಇರ್ಲಿಲ್ಲ ಅವರಿಗೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ. "ಪುಸ್ತಕದ ಮಾತು ಹಾಗಿರ್ಲಿ. ನಿನಗೊಂದು ಹೇಳ್ತೀನಿ, ನಗಬಾರದು. ಎಂಟು ವರ್ಷ ಅವರ ಹತ್ರ ಕೆಲಸ ಮಾಡಿದೆ. ಒಂದು ದಿನಾನೂ ನನ್ನ ನೀನು ಅಂದವರಲ್ಲ. ಬನ್ನಿ, ಕೂತ್ಕೊಳ್ಳಿ, ಬರೀರಿ. ನನಗಿಂತ ಮೂವತ್ತು ವರ್ಷಕ್ಕೆ ದೊಡ್ಡವರು, ಆದ್ರೂ ಬನ್ನಿ, ಕೂತ್ಕೊಳ್ಳಿ. ಅವತ್ತು ಒಂದು ದಿನ ಕಾಯಿರಿ ಅನ್ನಲಿಲ್ಲ. ಕಾಯಿ ಅಂದ್ರು."

ಅವಳ ಮಡಿಲಿನಿಂದ ಜಾರಿದ ಕರಡನ್ನು ಎತ್ತಿಕೊಟ್ಟೆ.

"ಆ 'ರಿ' ಇಲ್ಲದ್ದನ್ನ ಇಟ್ಕೊಂಡು ನಲವತ್ತು ವರ್ಷ ಬದುಕಿದೆನಲ್ಲೋ" ಎಂದಳು ಮಂದತ್ತೆ. "ಅದು ತೆಂಗಿನಕಾಯಿ."

ನಗಬಾರದು ಎಂದವಳು ತಾನೇ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ನಾನು ಅವಳ ಕಾಲ ಬಳಿ ಕೂತು ಅತ್ತೆ. ಐವತ್ತು ವರ್ಷದ ಗಂಡಸು ಒಗೆಯುವ ಕಲ್ಲಿನ ಪಕ್ಕ ಕೂತು ಹಾಗೆ ಅಳುವುದನ್ನು ಪಕ್ಕದ ಮನೆಯವರು ಇಣುಕಿ ನೋಡಿದರು, ನೋಡಲಿ ಎಂದು ಬಿಟ್ಟೆ. ಕಣ್ಣೊರೆಸಿಕೊಂಡು ಎದ್ದವಳು ಕೇಳಿದ್ದು ಒಂದೇ ಮಾತು: "ನಿಮ್ಮಪ್ಪ ಜೋಡಿಸಿದ ಮೊಳೆ ಇನ್ನೂ ಇದೆಯಾ?"

"ಇದೆ ಅತ್ತೆ. ಅಟ್ಟದ ಮೇಲಿದೆ."

"ಕೆಳಗಿಳಿಸು. ಹನ್ನೊಂದು ಸಲ ತಿದ್ದಿದ್ದೆಲ್ಲ ಬೇಡ. ಮೊದಲು ಬರೆದಿದ್ದೇ ಇರಲಿ."

ಮಾರನೆಯ ದಿನ ಹತ್ತು ಗಂಟೆಗೆ ಅವಳನ್ನು ಕರೆದುಕೊಂಡು ಆ ಮನೆಗೆ ಹೋದೆ. ಸುದ್ದಿ ಹಬ್ಬಿ ಬೀದಿಯ ತುಂಬ ಜನ. ಯಾರ ಮುಖದಲ್ಲೂ ಕಳೆಯಿರಲಿಲ್ಲ. ಹುಟ್ಟಿದಾಗಿನಿಂದ ಕಾದವರು, ಏನಕ್ಕೆ ಕಾದೆವು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅರ್ಜಿ ಹಿಡಿದವನೊಬ್ಬ ಗುಮಾಸ್ತನನ್ನು ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಮೋಟಾರಿನ ಸದ್ದಿರಲಿಲ್ಲ. ಮಹಾರುದ್ರಪ್ಪ ಕಲ್ಲುಸಕ್ಕರೆಯ ತಟ್ಟೆ ಹಿಡಿದು ಓಡಿ ಬಂದ. ಮಂದತ್ತೆ ಬೇಡವೆಂದು ಕೈ ಆಡಿಸಿ ಮೆಟ್ಟಿಲು ಹತ್ತಿದಳು.

"ಅಮ್ಮಾ, ಬರೀ ಬಾಯಲ್ಲಿ ಹೋಗ್ಬೇಡಿ! ಏನಾದ್ರೂ ಅಂದುಬಿಟ್ರೆ ನಿಮ್ಮ ಹಳೇ ಪ್ರಶ್ನೆ ಹೊರಟುಹೋಗುತ್ತೆ. ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದೀರಿ" ಎಂದು ಅವನು ಕೆಳಗಿನಿಂದಲೇ ಅಂಗಲಾಚಿದ.

ಅವಳು ತಿರುಗಿ ನೋಡಲಿಲ್ಲ. ಜಗಲಿಯಲ್ಲಿ, ಕಿಟಕಿಯ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಇಪ್ಪತ್ತೆಂಟರಲ್ಲಿ ನಿಂತ ಜಾಗದಲ್ಲೇ. ನಾನು ಮೆಟ್ಟಿಲ ಕೆಳಗೆ ನಿಂತೆ. ಬೀದಿಯೆಲ್ಲ ಸದ್ದಡಗಿತು. ಹತ್ತೂ ಇಪ್ಪತ್ತಾಯಿತು.

"ಅಯ್ನೋರೇ, ಚಟ್ನಿಗೆ ಇಷ್ಟು ಸಾಕಾ?" ಎಂದಳು ಅಡುಗೆಮನೆಯ ಚೌಡಮ್ಮ.

"ಇನ್ನೊಂಚೂರು ಕಾಯಿ" ಎಂದರು ಪಾಲಾಕ್ಷಯ್ಯನವರು.

"ಸಾಕು" ಎಂದಳು ಮಂದತ್ತೆ.

ಜೋರಾಗಿ ಹೇಳಲಿಲ್ಲ. ಬಡಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುತ್ತೇವಲ್ಲ, ಹಾಗೆ. ಆಮೇಲೆ ಬಾಯಿ ಬಿಗಿದುಕೊಂಡಳು. ಮಹಾರುದ್ರಪ್ಪ ಕೈ ಮುಗಿದ, ಪ್ರಾಧ್ಯಾಪಕರು ಏನೋ ಕೇಳಲು ಬಂದರು, ಅವಳು ಯಾರಿಗೂ ತುಟಿ ಬಿಚ್ಚಲಿಲ್ಲ. ಇನ್ನು ಆ ಜಗಲಿಯಲ್ಲಿ ಅವಳದು ಬೇರೆ ಮಾತಿಲ್ಲ ಎಂದು ನನಗೆ ತಿಳಿಯಿತು. ಅವಳು ಹೋದ ಮಾರನೆಯ ದಿನದಿಂದ ಈ ಊರು ದಿನಾ ಹತ್ತೂ ಇಪ್ಪತ್ತಕ್ಕೆ ಆ ಮೂರನ್ನೂ ಕೇಳಬೇಕು.

ಹೆಬ್ಬಾಗಿಲು ದಾಟಿ, ಕೆತ್ತಿದ ಕಲ್ಲನ್ನು ಹಿಂದೆ ಹಾಕಿ, ಬೇವಿನ ಮರದ ಬಯಲಿಗೆ ಬಂದ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

"ಮೊದಲ ಹದಿನಾರು ಪುಟದ ಕರಡು ಯಾವತ್ತು ಕೊಡ್ತೀಯೋ?"

ಹುಟ್ಟಿದ ಊರಿನ ಅಭ್ಯಾಸ, ನಾಲಿಗೆಯ ತುದಿಯಲ್ಲೇ ಇತ್ತು. "ಇನ್ನೊಂಚೂರು ಕಾ..." ಎಂದು ಅರ್ಧ ಆಡಿಯೇ ಬಿಟ್ಟಿದ್ದೆ. ನಾಲಿಗೆ ಕಚ್ಚಿಕೊಂಡೆ.

"ಇವತ್ತು ಮಧ್ಯಾಹ್ನಕ್ಕೆ, ಅತ್ತೆ" ಎಂದೆ.